ದೀಪ ಆರಿದರೆ ಹೊರಗೆ ಬಾ

ಕಾಸರಗೋಡಿನ ಒಳನಾಡಿನವರಿಗೆ ಸುರಂಗ ಅಂದರೆ ರೈಲು ಹೋಗುವ ಸುರಂಗ ಅಲ್ಲ, ನೀರು ಬರುವ ಸುರಂಗ. ಬಾಯಾರು, ಪೆರ್ಲ, ಅಡೂರು ಕಡೆಗೆ ಬಂದರೆ ಗುಡ್ಡೆಯ ಬದಿಯಲ್ಲಿ ನೋಡಬಹುದು: ಒಬ್ಬ ಆಳು ಬಗ್ಗಿಕೊಂಡು ಹೋಗುವಷ್ಟೇ ಅಗಲದ ಒಂದು ಬಾಯಿ, ಅದರಿಂದ ಸಣ್ಣಗೆ ಹರಿದು ಬರುವ ನೀರು, ಕೆಳಗೆ ಅದನ್ನು ಹಿಡಿಯುವ ಒಂದು ಟಾಂಕಿ. ಪಂಪು ಬೇಡ, ಕರೆಂಟು ಬೇಡ. ಒಸರು ಸಿಗುವ ತನಕ ಮುರಕಲ್ಲನ್ನು, ಅಂದರೆ ಇಲ್ಲಿಯ ಕೆಂಪು ಕಲ್ಲನ್ನು, ಪಿಕ್ಕಾಸಿನಲ್ಲಿ ಕೊರೆಯುತ್ತಾ ಹೋಗುವುದು, ಅಷ್ಟೇ. ಅಷ್ಟೇ ಅಂತ ಬರೆಯುವುದು ಸುಲಭ. ನೂರು ಮೀಟರಿಗಿಂತ ಉದ್ದದ ಸುರಂಗಗಳೂ ಇವೆ.

ನಮ್ಮ ಮನೆಯ ಹಿಂದಿನ ಸುರಂಗ ಕೊರೆದ ಅಜ್ಜ ನಾನು ಸಣ್ಣವನಿದ್ದಾಗ ಇನ್ನೂ ಕೆಲಸಕ್ಕೆ ಹೋಗುತ್ತಿದ್ದರು. ಒಳಗೆ ಹೋಗುವಾಗ ಜೊತೆಗೆ ಒಂದು ದೀಪ ಇರಲೇಬೇಕು. ಬೆಳಕಿಗೆ ಅಂತ ನಾನು ತಿಳಿದಿದ್ದೆ. "ಬೆಳಕಿಗೆ ಮಾತ್ರ ಅಲ್ಲ ಮಗಾ, ದೀಪ ಸಣ್ಣ ಆದರೆ ಕೈ ನಿಲ್ಲಿಸಬೇಕು, ಆರಿದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು" ಅಂದಿದ್ದರು. ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜನಿಗೆ ಗೊತ್ತಿದ್ದ ವಿಷಯ ಇಷ್ಟು: ದೀಪ ಏನನ್ನು ತಿನ್ನುತ್ತದೋ ಅದನ್ನೇ ನಾವೂ ತಿನ್ನುತ್ತೇವೆ.

ಇದೇ ವಿಷಯವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಗಾಜಿನ ಪಾತ್ರೆ ಬೋರಲು ಹಾಕಿ ನೋಡಿದ್ದರು. ಮುಚ್ಚಿದ ಪಾತ್ರೆಯೊಳಗೆ ಮೇಣದಬತ್ತಿ ಸ್ವಲ್ಪ ಹೊತ್ತಿಗೆ ಆರುತ್ತದೆ, ಇಲಿ ಸ್ವಲ್ಪ ಹೊತ್ತಿಗೆ ಸಾಯುತ್ತದೆ. 1771ರಲ್ಲಿ ಅವರು ಬತ್ತಿ ಆರಿದ ಗಾಳಿಯಲ್ಲಿ ಒಂದು ಪುದೀನ ಗಿಡ ಇಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಪುಡಿಗೆ ಭೂತಗನ್ನಡಿಯಿಂದ ಬಿಸಿಲು ಬಿಟ್ಟು ಕಾಯಿಸಿದಾಗ ಒಂದು ಗಾಳಿ ಹೊರಟಿತು, ಅದರಲ್ಲಿ ಬತ್ತಿ ಜೋರಾಗಿ ಉರಿಯಿತು. ಸ್ವೀಡನ್ನಿನ ಕಾರ್ಲ್ ಶೀಲೆ ಅದನ್ನು ಅದಕ್ಕೂ ಮೊದಲೇ ಕಂಡುಕೊಂಡಿದ್ದರು, ಆದರೆ ಅವರ ಪುಸ್ತಕ ಅಚ್ಚಾಗುವಾಗ 1777 ಆಗಿತ್ತು. ಅಷ್ಟರಲ್ಲಿ ಹೆಸರು ಪ್ರೀಸ್ಟ್ಲಿಗೆ ಹೋಗಿತ್ತು.

ಗಾಳಿಗೆ ಹೆಸರು ಇಟ್ಟದ್ದು ಮಾತ್ರ ಮೂರನೆಯವರು, ಫ್ರಾನ್ಸಿನ ಲವಾಸಿಯೆ. ಇಲ್ಲೊಂದು ತಮಾಷೆ ಇದೆ. ಅಕ್ಕನ ಮಗಳು ಕನ್ನಡ ಮೀಡಿಯಮ್ಮಿನಲ್ಲಿ ಓದುತ್ತಾಳೆ, ಒಂದು ದಿನ ಪುಸ್ತಕ ಹಿಡಿದು ಬಂದಳು. "ಮಾವಾ, ಆಮ್ಲ ಅಂದ್ರೆ ಆಸಿಡ್ ಅಲ್ವಾ? ಹಾಗಾದ್ರೆ ಆಮ್ಲಜನಕ ಅಂದ್ರೆ ಆಸಿಡ್ ಹುಟ್ಟಿಸುವುದು ಅಂತ ಆಯ್ತಲ್ಲ, ನಾವು ಅದನ್ನಾ ಉಸಿರಾಡುವುದು?" ಒಳ್ಳೆ ಪ್ರಶ್ನೆ. ಎಲ್ಲ ಆಸಿಡ್‌ಗಳಲ್ಲೂ ಈ ಗಾಳಿ ಇರಲೇಬೇಕು ಅಂತ ಲವಾಸಿಯೆ ನಂಬಿದ್ದರು, ಹಾಗಾಗಿ ಗ್ರೀಕ್ ಮಾತಿನಿಂದ 'ಹುಳಿ ಹುಟ್ಟಿಸುವುದು' ಎಂಬ ಅರ್ಥದ ಆಕ್ಸಿಜನ್ ಎಂಬ ಹೆಸರು ಕಟ್ಟಿದರು. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಬಂದು, ಉಪ್ಪಿನಿಂದ ಮಾಡುವ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಆಕ್ಸಿಜನ್ನೇ ಇಲ್ಲ, ಜಲಜನಕ ಮತ್ತು ಕ್ಲೋರಿನ್ ಮಾತ್ರ ಇದೆ ಅಂತ ತೋರಿಸಿದರು. ಹೆಸರು ತಪ್ಪು ಅಂತ ಗೊತ್ತಾಯಿತು, ಆದರೆ ಹೆಸರು ಹೋಗಲಿಲ್ಲ. ಆಮೇಲೆ ನಮ್ಮವರು ಅದನ್ನು ಕನ್ನಡಕ್ಕೆ ತರುವಾಗ ತಪ್ಪನ್ನೂ ಶ್ರದ್ಧೆಯಿಂದ ತಂದರು. 'ಪ್ರಾಣವಾಯು' ಅಂತ ಇನ್ನೊಂದು ಹೆಸರಿದೆ. ಅದೂ ನನಗೆ ಅಷ್ಟು ಒಪ್ಪಿಗೆ ಇಲ್ಲ. ಯಾಕೆಂದರೆ ಆ ಹೆಸರು ಕೇಳಿದರೆ ಇದೇನೋ ತಣ್ಣಗಿನ, ಸಾಧು ವಸ್ತು ಅನಿಸುತ್ತದೆ. ಸಾಧು ಏನೂ ಅಲ್ಲ.

ಆಮ್ಲಜನಕದ ಒಂದು ಪರಮಾಣುವಿನ ಹೊರಸುತ್ತಿನಲ್ಲಿ 6 ಎಲೆಕ್ಟ್ರಾನ್ ಇರುತ್ತವೆ. 8 ಆದರೆ ಅದಕ್ಕೆ ನೆಮ್ಮದಿ. ಅಂದರೆ ಯಾವಾಗಲೂ ಎರಡರ ಕೊರತೆ. ಹಾಗಾಗಿ ಸಿಕ್ಕಿದವರ ಎಲೆಕ್ಟ್ರಾನ್‌ಗೆ ಕೈ ಹಾಕುವುದು ಇದರ ಗುಣ, ಈ ವಿಷಯದಲ್ಲಿ ಇದನ್ನು ಮೀರಿಸುವ ಆಸೆಬುರುಕ ಫ್ಲೋರಿನ್ ಒಂದೇ. ಗಾಳಿಯಲ್ಲಿ ಎರಡೆರಡು ಪರಮಾಣು ಜೋಡಿಯಾಗಿ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಆದರೆ ಆ ಹಿಡಿತ ಸ್ವಲ್ಪ ಸಡಿಲ. ಇಂಗಾಲವನ್ನೋ ಜಲಜನಕವನ್ನೋ ಹಿಡಿದರೆ ಹಿಡಿತ ಗಟ್ಟಿ. ಸಡಿಲ ಹಿಡಿತ ಬಿಟ್ಟು ಗಟ್ಟಿ ಹಿಡಿತಕ್ಕೆ ಬಂದಾಗ ಹೊರಗೆ ಬರುವ ಶಕ್ತಿಯೇ ಬೆಂಕಿಯ ಬಿಸಿ ಮತ್ತು ಬೆಳಕು. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಉರಿಸುತ್ತದೆ.

ಹಾಗಾದರೆ ಗಾಳಿಯಲ್ಲಿ ನೂರಕ್ಕೆ 21 ಪಾಲು ಇದೇ ಇರುವಾಗ ನಮ್ಮ ಅಡಿಕೆ ತೋಟ, ಮನೆಯ ಮಾಡು, ತಲೆಕೂದಲು ಎಲ್ಲ ಯಾಕೆ ಈಗಲೇ ಹೊತ್ತಿಕೊಳ್ಳುವುದಿಲ್ಲ? ಆ ಜೋಡಿಯಲ್ಲಿ ಒಂಟಿಯಾಗಿ ನಿಂತ ಎರಡು ಎಲೆಕ್ಟ್ರಾನ್ ಇವೆ, ಅವುಗಳ ನಿಲುವು ಹೇಗಿದೆ ಅಂದರೆ ಬೇರೆ ವಸ್ತುಗಳ ಜೊತೆ ಸುಲಭಕ್ಕೆ ಹೊಂದುವುದಿಲ್ಲ. ತಣ್ಣಗಿರುವಾಗ ಆಮ್ಲಜನಕ ಸೋಮಾರಿ. ಒಂದು ಕಡ್ಡಿ ಗೀರಿ ಬಿಸಿ ಕೊಟ್ಟರೆ ಹೊರಡುತ್ತದೆ, ಹೊರಟ ಮೇಲೆ ತನ್ನ ಬಿಸಿಯಲ್ಲೇ ಓಡುತ್ತದೆ. ನಮ್ಮ ಪುಣ್ಯ ಅದು, ಆ ಸೋಮಾರಿತನ.

ಬಚ್ಚಲ ಒಲೆಗೆ ಊದುಕೊಳವೆಯಲ್ಲಿ ಊದುವಾಗ ಒಂದು ಅನುಮಾನ ಬರಬೇಕು, ಅಲ್ವಾ? ನಾವು ಹೊರಗೆ ಬಿಡುವ ಉಸಿರಿನಲ್ಲಿ ಆಮ್ಲಜನಕ ಕಮ್ಮಿ, ಸುಮಾರು 16 ಪಾಲು. ಮೇಣದಬತ್ತಿ ಆರುವುದೂ ಹೆಚ್ಚುಕಮ್ಮಿ ಅಷ್ಟಕ್ಕೇ ಇಳಿದಾಗ. ಅಂಥ ಬಡಕಲು ಗಾಳಿ ಊದಿದರೆ ಒಲೆಯಲ್ಲಿಟ್ಟ ತೆಂಗಿನ ಕೊತ್ತಳಿಗೆ ಧಗ್ಗೆಂದು ಹೇಗೆ ಉರಿಯಿತು? ಕೊಳವೆಯಿಂದ ವೇಗವಾಗಿ ಬಂದ ಉಸಿರು ಸುತ್ತಲಿನ ಒಳ್ಳೆ ಗಾಳಿಯನ್ನೂ ಎಳೆದುಕೊಂಡು ಕೆಂಡದ ಮೇಲೆ ಹೋಗುತ್ತದೆ, ಕೆಂಡದ ಸುತ್ತ ಕುಳಿತಿದ್ದ ಹಳೆ ಹೊಗೆಗಾಳಿಯನ್ನು ಮತ್ತು ಬೂದಿಯನ್ನು ತಳ್ಳುತ್ತದೆ. ಊದುವ ಕೆಲಸದಲ್ಲಿ ಉಸಿರಿಗಿಂತ ವೇಗ ಮುಖ್ಯ.

ಬೆಂಕಿ ಇಲ್ಲದ ಸುಡುವಿಕೆಯೂ ಇದೆ. ಮಂಜೇಶ್ವರ, ಕುಂಬಳೆಯ ಕಡಲ ಬದಿಯ ಮನೆಗಳ ಕಿಟಕಿ ಸರಳು ನೋಡಿ, ಪೈಂಟು ಬಿಟ್ಟ ಜಾಗದಲ್ಲೆಲ್ಲ ತುಕ್ಕು. ಅದು ಕಬ್ಬಿಣವನ್ನು ಆಮ್ಲಜನಕ ಮತ್ತು ನೀರು ಸೇರಿ ನಿಧಾನಕ್ಕೆ ತಿನ್ನುವುದು, ಕಡಲಿನ ಉಪ್ಪು ಆ ಕೆಲಸಕ್ಕೆ ದಾರಿ ಸುಲಭ ಮಾಡಿಕೊಡುತ್ತದೆ. ಬಾಳೆಕಾಯಿ ಪಲ್ಯಕ್ಕೆ ಹೆಚ್ಚುವಾಗ ಅಮ್ಮ ಹೋಳನ್ನು ಮಜ್ಜಿಗೆ ನೀರಿಗೆ ಹಾಕುವುದು ಯಾಕೆ? ಕೊಯ್ದ ಕೂಡಲೇ ಕಾಯಿಯೊಳಗಿನ ಒಂದು ಕಿಣ್ವ ಗಾಳಿಯ ಆಮ್ಲಜನಕ ಹಿಡಿದು ಚೊಗರಿನ ಅಂಶವನ್ನು ಕಪ್ಪು ಮಾಡುತ್ತದೆ. ನೀರು ಗಾಳಿಯನ್ನು ತಡೆಯುತ್ತದೆ, ಮಜ್ಜಿಗೆಯ ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ಎಷ್ಟು ತಲೆಮಾರಿನ ಕೆಮಿಸ್ಟ್ರಿ ಅದು, ಮೆಟ್ಟುಕತ್ತಿಯ ಬದಿಯಲ್ಲೇ.

ಇನ್ನು ನಮ್ಮ ಮುರಕಲ್ಲು. ಲಕ್ಷಾಂತರ ವರ್ಷದ ಮಳೆ ಬಂಡೆಯಲ್ಲಿದ್ದ ಕರಗುವ ವಸ್ತುಗಳನ್ನೆಲ್ಲ ತೊಳೆದುಕೊಂಡು ಹೋಯಿತು. ಕರಗದೆ ಉಳಿದದ್ದು ಮುಖ್ಯವಾಗಿ ಅಲ್ಯೂಮಿನಿಯಂ ಮತ್ತು ಕಬ್ಬಿಣ, ಆ ಕಬ್ಬಿಣವನ್ನು ಆಮ್ಲಜನಕ ಹಿಡಿಯಿತು. ಕೆಂಪು ಬಂದದ್ದು ಅದರಿಂದ. ನೆಲದಡಿಯಲ್ಲಿರುವಾಗ ಈ ಕಲ್ಲು ಮೆತ್ತಗೆ, ಕಡಿದು ಹೊರಗೆ ಹಾಕಿ ಒಣಗಿದ ಮೇಲೆ ಗಟ್ಟಿ. ಸುರಂಗ ಕೊರೆಯಲು ಆಗುವುದೂ, ಕೊರೆದದ್ದು ಕುಸಿಯದೆ ನಿಲ್ಲುವುದೂ ಈ ಗುಣದಿಂದ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯ ಹಾಗೆ ಕಡಿಯುವುದು ನೋಡಿ, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ 1807ರಲ್ಲಿ ಲ್ಯಾಟರೈಟ್ ಅಂತ ಕರೆದರು. ಇಕ್ಕೇರಿಯ ಶಿವಪ್ಪ ನಾಯಕರು 1650ರ ಹೊತ್ತಿಗೆ ಕಟ್ಟಿಸಿದ ಬೇಕಲ ಕೋಟೆ ಇದೇ ಕಲ್ಲಿನದು. ಒಂದು ಲೆಕ್ಕದಲ್ಲಿ ಹೇಳುವುದಾದರೆ ತುಕ್ಕಿನ ಕೋಟೆ, ಆದರೂ ಕಬ್ಬಿಣದ ಕಿಟಕಿಗಿಂತ ಗಟ್ಟಿ. ಯಾಕೆಂದರೆ ಆಗಲೇ ತುಕ್ಕಾದದ್ದನ್ನು ಮತ್ತೆ ತುಕ್ಕು ತಿನ್ನಲು ಏನೂ ಉಳಿದಿಲ್ಲ.

ಈಗ ನಮ್ಮ ಒಳಗಿನ ಒಲೆಗೆ ಬರೋಣ. ಸುಮ್ನೆ ಕುಳಿತ ದೊಡ್ಡವರೊಬ್ಬರಿಗೆ ನಿಮಿಷಕ್ಕೆ ಸುಮಾರು 250 ಮಿಲಿ ಲೀಟರ್ ಆಮ್ಲಜನಕ ಬೇಕು, ದಿನಕ್ಕೆ ಲೆಕ್ಕ ಹಾಕಿದರೆ 360 ಲೀಟರ್. ತೋಟದಲ್ಲಿ ಗುದ್ದಲಿ ಹಿಡಿದರೆ ಅದರ ಹಲವು ಪಟ್ಟು. ಆದರೆ ಮೈಯಲ್ಲಿ ದಾಸ್ತಾನು ಇರುವುದು ಕೆಲವೇ ನಿಮಿಷಕ್ಕೆ ಸಾಕಾಗುವಷ್ಟು. ಊಟ ವಾರಗಟ್ಟಲೆ ಬಿಡಬಹುದು, ನೀರು ಕೆಲವು ದಿನ, ಇದನ್ನು ನಿಮಿಷ ಮಾತ್ರ. ಮೊದಲು ಕೈಕೊಡುವುದು ಮಿದುಳು, ತೂಕದಲ್ಲಿ ಮೈಯ ನೂರರಲ್ಲಿ ಎರಡು ಪಾಲಾದರೂ ಆಮ್ಲಜನಕದಲ್ಲಿ ನೂರರಲ್ಲಿ ಇಪ್ಪತ್ತು ಪಾಲು ಕೇಳುವ ಅಂಗ ಅದು.

ಶ್ವಾಸಕೋಶದಿಂದ ಕಾಲಿನ ಬೆರಳಿನ ತುದಿಯ ತನಕ ಇದನ್ನು ಹೊರಬೇಕು. ಬರೀ ನೀರಿನಂಥ ರಕ್ತ ಆದರೆ ಆಗುವುದಿಲ್ಲ, ಒಂದು ಲೀಟರಿನಲ್ಲಿ 3 ಮಿಲಿ ಲೀಟರ್ ಮಾತ್ರ ಕರಗುತ್ತದೆ. ಹಿಮೋಗ್ಲೋಬಿನ್ ಇರುವ ರಕ್ತ ಅದೇ ಲೀಟರಿನಲ್ಲಿ ಸುಮಾರು 200 ಮಿಲಿ ಲೀಟರ್ ಹೊರುತ್ತದೆ. ಒಂದೊಂದು ಹಿಮೋಗ್ಲೋಬಿನ್ ಅಣುವಿನಲ್ಲಿ 4 ಕಬ್ಬಿಣದ ಪರಮಾಣು, ಒಂದೊಂದಕ್ಕೂ ಒಂದು ಜೋಡಿ ಆಮ್ಲಜನಕ ಅಂಟುತ್ತದೆ. ಹೌದು, ಮುರಕಲ್ಲಿನಲ್ಲಿ ಇರುವ ಅದೇ ಕಬ್ಬಿಣ. ವ್ಯತ್ಯಾಸ ಏನೆಂದರೆ ಗುಡ್ಡೆಯ ಕಬ್ಬಿಣ ಆಮ್ಲಜನಕವನ್ನು ಹಿಡಿದರೆ ಬಿಡುವುದಿಲ್ಲ, ಇಲ್ಲಿಯದು ಹಿಡಿದು, ಬೇಕಾದಲ್ಲಿ ಬಿಟ್ಟು, ವಾಪಸು ಬರಬೇಕು. ಅದಕ್ಕೆಂದೇ ಪ್ರೋಟೀನು ಆ ಕಬ್ಬಿಣವನ್ನು ಸುತ್ತಿಕೊಂಡು ತುಕ್ಕು ಹಿಡಿಯದ ಹಾಗೆ ಕಾಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬಾರದು ಅನ್ನುವುದು ಇಲ್ಲಿಗೇ ಬರುತ್ತದೆ: ಅರೆಬೆಂದ ಇಂಗಾಲದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅದೇ ಕಬ್ಬಿಣವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿಯುತ್ತದೆ, ವಾಸನೆಯೂ ಇಲ್ಲ.

ಜೀವಕೋಶಕ್ಕೆ ಮುಟ್ಟಿದ ಮೇಲೆ ಏನಾಗುತ್ತದೆ? ನಾವು ಉಸಿರಾಡಿದ ಆಮ್ಲಜನಕ ಅನ್ನದ ಇಂಗಾಲ ಹಿಡಿದು ಇಂಗಾಲದ ಡೈ ಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ ಅಂತ ಹೆಚ್ಚಿನವರ ಲೆಕ್ಕ, ನನ್ನದೂ ಬಹಳ ಕಾಲ ಅದೇ ಆಗಿತ್ತು. ಹಾಗಲ್ಲ. ಹೊರಗೆ ಬಿಡುವ ಡೈ ಆಕ್ಸೈಡಿನ ಆಮ್ಲಜನಕ ಅನ್ನದಿಂದ ಮತ್ತು ನೀರಿನಿಂದ ಬಂದದ್ದು. ಉಸಿರಿನ ಆಮ್ಲಜನಕ ಆಗುವುದು ನೀರು.

ಅಡಿಕೆ ಕೊಯ್ಯುವುದು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಮರದ ತುದಿಯಿಂದ ಗೊನೆಯನ್ನು ದೊಪ್ಪನೆ ಹಾಕಿದರೆ ಅಡಿಕೆ ಚೆಲ್ಲಾಪಿಲ್ಲಿ, ಹಾಗಾಗಿ ಹಗ್ಗದಲ್ಲಿ ಇಳಿಸುತ್ತಾರೆ. ಒಲೆಯಲ್ಲಿ ಸಕ್ಕರೆ ಸುಡುವುದು ಗೊನೆ ಎಸೆದ ಹಾಗೆ, ಶಕ್ತಿಯೆಲ್ಲ ಒಂದೇ ಸಲಕ್ಕೆ ಬಿಸಿಯಾಗಿ ಹೋಗುತ್ತದೆ. ಜೀವಕೋಶ ಹಗ್ಗ ಹಿಡಿಯುತ್ತದೆ. ಅನ್ನದಿಂದ ಕಿತ್ತ ಎಲೆಕ್ಟ್ರಾನನ್ನು ಮೈಟೋಕಾಂಡ್ರಿಯ ಎಂಬ ತನ್ನೊಳಗಿನ ಪುಟ್ಟ ಒಲೆಮನೆಯ ಗೋಡೆಯಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿಸುತ್ತಾ, ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ಉಳಿಸಿಕೊಳ್ಳುತ್ತದೆ, ಆ ಉಳಿಕೆಯಿಂದ ಎಟಿಪಿ ಎಂಬ ಚಿಲ್ಲರೆ ಹಣ ಮಾಡುತ್ತದೆ. ಹಗ್ಗದ ಕೆಳತುದಿಯಲ್ಲಿ ಗೊನೆ ಹಿಡಿಯಲು ನಿಂತವನೇ ಆಮ್ಲಜನಕ. ಒಂದು ಜೋಡಿ ನಾಲ್ಕು ಎಲೆಕ್ಟ್ರಾನ್ ತೆಗೆದುಕೊಂಡು, ಜಲಜನಕದ ಜೊತೆ ಸೇರಿ, ಎರಡು ನೀರಿನ ಅಣು ಆಗುತ್ತದೆ. ಕೆಳಗೆ ಹಿಡಿಯುವವ ಇಲ್ಲದಿದ್ದರೆ ಮೇಲಿನವನೂ ಕೆಲಸ ನಿಲ್ಲಿಸಬೇಕು. ಒಂದು ಗ್ಲೂಕೋಸಿನಿಂದ ಆಮ್ಲಜನಕ ಇದ್ದರೆ ಸುಮಾರು 30 ಎಟಿಪಿ, ಇಲ್ಲದಿದ್ದರೆ 2. ಓಡಿ ಓಡಿ ಸುಸ್ತಾಗುವಾಗ ಕಾಲಿನ ಸ್ನಾಯು ಆ ಎರಡಕ್ಕೂ ಕೈ ಚಾಚುತ್ತದೆ.

ಮರಗೆಣಸಿನ ಎಲೆ ತಿಂದು ಆಡು ಸಾಯುವುದು ಕೇಳಿರಬಹುದು. ಆ ಗಿಡದಲ್ಲಿ ಸಯನೈಡ್ ಬಿಡುವ ಅಂಶ ಇದೆ, ಕಹಿ ಜಾತಿಯಲ್ಲಿ ಜಾಸ್ತಿ. ಸಯನೈಡ್ ಹೋಗಿ ಕೂರುವುದು ಸರಿಯಾಗಿ ಆ ಹಗ್ಗದ ಕೆಳತುದಿಯಲ್ಲಿ, ಆಮ್ಲಜನಕ ನಿಲ್ಲಬೇಕಾದ ಜಾಗದಲ್ಲಿ. ಉಸಿರು ಆಡುತ್ತದೆ, ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಆದರೆ ಕೋಶಕ್ಕೆ ಅದನ್ನು ಬಳಸಲು ಆಗುವುದಿಲ್ಲ. ತುಂಬಿದ ಬಾವಿಯ ದಂಡೆಯಲ್ಲಿ ಬಾಯಾರಿ ಸತ್ತ ಹಾಗೆ. ಮರಗೆಣಸನ್ನು ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲುವ ಕ್ರಮ ಸುಮ್ನೆ ಬಂದದ್ದಲ್ಲ.

ಇಷ್ಟು ಓದಿದ ಮೇಲೆ ಆಮ್ಲಜನಕ ಇಲ್ಲದೆ ಜೀವವೇ ಇಲ್ಲ ಅಂತ ಅನಿಸಿದರೆ, ಹಟ್ಟಿಯ ಹಿಂದೆ ಬನ್ನಿ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಸೆಗಣಿ ಕರಗಿಸಿ ಮೀಥೇನ್ ಎಂಬ ಉರಿಯುವ ಗ್ಯಾಸು ಮಾಡುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ವಿಷ. ಗಾಳಿ ಒಳಗೆ ಹೋದರೆ ಅವು ಸಾಯುತ್ತವೆ, ನಮ್ಮ ಚಹಾ ತಡವಾಗುತ್ತದೆ. ಭೂಮಿಯ ಮೊದಲ ಅರ್ಧ ಆಯುಸ್ಸು ಹೆಚ್ಚುಕಮ್ಮಿ ಹೀಗೇ ಇತ್ತು, ಗಾಳಿಯಲ್ಲಿ ಬಿಡಿ ಆಮ್ಲಜನಕ ಇರಲಿಲ್ಲ. ಆಮೇಲೆ ಸಯನೋಬ್ಯಾಕ್ಟೀರಿಯ ಎಂಬ ಹಸಿರು-ನೀಲಿ ಸೂಕ್ಷ್ಮಜೀವಿಗಳು ಬಿಸಿಲಿನ ಬಲದಿಂದ ನೀರನ್ನು ಒಡೆಯಲು ಕಲಿತವು, ಅವುಗಳ ಕಸವೇ ಆಮ್ಲಜನಕ. ಮೊದಮೊದಲು ಅದನ್ನೆಲ್ಲ ಕಡಲಿನಲ್ಲಿ ಕರಗಿದ್ದ ಕಬ್ಬಿಣವೇ ಹಿಡಿದು ತಳಕ್ಕೆ ಕುಳಿತಿತು. ಪಟ್ಟಿ ಪಟ್ಟಿಯಾದ ಆ ಹಳೆಯ ಕಬ್ಬಿಣದ ಬಂಡೆಗಳು ಜಗತ್ತಿನ ಹಲವು ಕಡೆ ಇವೆ, ಹಿಂದೆ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿದು ಬರುತ್ತಿದ್ದ ಕುದುರೆಮುಖದ ಅದಿರು ಅದೇ ಜಾತಿಯದು. ಹಿಡಿಯುವವರ ಕೈ ತುಂಬಿದ ಮೇಲೆ, ಸುಮಾರು 240 ಕೋಟಿ ವರ್ಷಗಳ ಹಿಂದೆ, ಆಮ್ಲಜನಕ ಗಾಳಿಯಲ್ಲಿ ಉಳಿಯತೊಡಗಿತು. ಅಲ್ಲಿಯ ತನಕದ ನಿವಾಸಿಗಳಲ್ಲಿ ಬಹಳಷ್ಟಕ್ಕೆ ಅದು ವಿಷಗಾಳಿ. ಕೆಲವು ಕೆಸರಿಗೆ ಓಡಿದವು, ಅವುಗಳ ಕಡೆಯವರೇ ನಮ್ಮ ಗುಂಡಿಯಲ್ಲಿ ಇರುವುದು. ಇನ್ನು ಕೆಲವು ವಿಷವನ್ನೇ ಉಣ್ಣಲು ಕಲಿತವು, ನಾವು ಅವರ ಕಡೆಯವರು.

ಕಲಿತದ್ದು ಪೂರ್ತಿ ಅಲ್ಲ. ಆ ಹಗ್ಗದಿಂದ ಆಗಾಗ ಒಂದೊಂದು ಎಲೆಕ್ಟ್ರಾನ್ ಜಾರಿ, ಅರೆಹೊಟ್ಟೆಯ ಆಮ್ಲಜನಕ ಹುಟ್ಟುತ್ತದೆ. ಅದು ಸಿಕ್ಕಿದ್ದನ್ನು ಕಚ್ಚುತ್ತದೆ, ಡಿಎನ್‌ಎಯನ್ನೂ ಬಿಡುವುದಿಲ್ಲ. ಅದನ್ನು ಅಡಗಿಸಲು ನಮ್ಮಲ್ಲಿ ಕಿಣ್ವಗಳು ಇವೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬಿಳಿ ನೊರೆ ಏಳುತ್ತದಲ್ಲ, ಅದು ಕೆಟಲೇಸ್ ಎಂಬ ಅಂಥದೇ ಒಂದು ಕಿಣ್ವದ ಕೆಲಸ, ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿದೆ. ಹಾಗಾಗಿ ಆಸ್ಪತ್ರೆಯಲ್ಲಿ ಆಮ್ಲಜನಕವನ್ನೂ ಔಷಧದ ಹಾಗೆ ಅಳೆದೇ ಕೊಡುವುದು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ 1940ರ ದಶಕದಲ್ಲಿ ಧಾರಾಳವಾಗಿ ಕೊಟ್ಟು, ಎಷ್ಟೋ ಮಕ್ಕಳ ಕಣ್ಣು ಹೋದ ಮೇಲೆ ಬಂದ ಬುದ್ಧಿ ಅದು.

ಗಿಡಗಳ ಬಗ್ಗೆಯೂ ಎರಡು ಮಾತು, ಯಾಕೆಂದರೆ ವಾಟ್ಸಾಪಿನಲ್ಲಿ ಅಶ್ವತ್ಥ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಅನ್ನುವ ಸಂದೇಶ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಕೊಡುವುದಿಲ್ಲ. ಬಿಡುಗಡೆ ಆಗುವ ಆಮ್ಲಜನಕ ನೀರನ್ನು ಒಡೆದು ಬಂದದ್ದು, 1941ರಲ್ಲಿ ಅಮೆರಿಕದ ವಿಜ್ಞಾನಿಗಳಾದ ರೂಬೆನ್ ಮತ್ತು ಕಾಮೆನ್ ಮಾಮೂಲಿಗಿಂತ ಭಾರದ ಪರಮಾಣು ಇರುವ ಆಮ್ಲಜನಕವನ್ನು ಗುರುತಿಗೆ ಇಟ್ಟು ಇದನ್ನು ನೋಡಿದರು. ನೀರು ಒಡೆಯಲು ಬೆಳಕು ಬೇಕು, ರಾತ್ರಿ ಬೆಳಕು ಎಲ್ಲಿದೆ? ಕತ್ತಲಲ್ಲಿ ಅಶ್ವತ್ಥವೂ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಳ್ಳುವುದೇ. ಬೇರಿಗಂತೂ ಹಗಲೂ ಬೇಕು. ಮಳೆಗಾಲದಲ್ಲಿ ತೋಟದ ನೀರು ಹೋಗುವ ಕಣಿ ಬಿಡಿಸದಿದ್ದರೆ ಅಡಿಕೆ ಗಿಡ ಹಳದಿಯಾಗಿ ಸೊರಗುತ್ತದೆ, ನೀರು ಜಾಸ್ತಿಯಾಯಿತು ಅನ್ನುತ್ತೇವೆ. ನಿಜವಾಗಿ ಬೇರಿನ ಉಸಿರು ಕಟ್ಟಿರುತ್ತದೆ. ಮಣ್ಣಿನ ಸಂದಿಯ ಗಾಳಿಯ ಜಾಗದಲ್ಲಿ ನೀರು ನಿಂತರೆ, ಅದರೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ.

ಸುರಂಗದ ಒಳಗೂ ಇದೇ ಕತೆ. ಕೆಲಸ ಮಾಡುವವರ ಉಸಿರು, ದೀಪ, ಮಣ್ಣಿನ ಸೂಕ್ಷ್ಮಜೀವಿ, ಮೇಲಿನಿಂದ ಇಳಿದ ಬೇರು, ಎಲ್ಲವೂ ಒಂದೇ ಬಟ್ಟಲಿಗೆ ಕೈ ಹಾಕಿರುತ್ತವೆ, ತುಂಬಿಸಲು ಗಾಳಿ ಆಡುವುದಿಲ್ಲ. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ತೋಡುವುದು ಅದಕ್ಕೇ. 16 ಪಾಲಿಗೆ ದೀಪ ಆರುತ್ತದೆ, ಆಗ ಮನುಷ್ಯನಿಗೆ ತಲೆ ಭಾರ, ಕೈ ತಪ್ಪುವುದು ಶುರು. 10ಕ್ಕಿಂತ ಕೆಳಗೆ ಹೋದರೆ ಎಚ್ಚರ ತಪ್ಪುತ್ತದೆ. ಈ ನಡುವಿನ ಅಂತರವೇ ಅಜ್ಜನಿಗೆ ಹೊರಗೆ ಬರಲು ಸಿಗುತ್ತಿದ್ದ ಸಮಯ. ಹಳೆ ಬಾವಿಗೆ ಇಳಿಯುವಾಗಲೂ ಮೊದಲು ಹಗ್ಗದಲ್ಲಿ ದೀಪ ಇಳಿಸಿ ನೋಡುತ್ತಾರೆ, ಅಲ್ಲಿ ಇಂಗಾಲದ ಡೈ ಆಕ್ಸೈಡ್ ಭಾರವಾಗಿ ತಳದಲ್ಲಿ ನಿಂತಿರುತ್ತದೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಹಾಗೆಯೇ ಇಳಿದು ಇಬ್ಬರೂ ಹೋದ ಸುದ್ದಿ ಎಷ್ಟು ಸಲ ಓದಿಲ್ಲ? ಉಸಿರು ಬಿಗಿಹಿಡಿದು ಇಳಿದು ಬರುತ್ತೇನೆ ಅನ್ನುವುದು ಆಗುವ ಮಾತಲ್ಲ, ಬಿದ್ದವನನ್ನು ಎತ್ತುವಾಗ ಉಸಿರು ಎಳೆದೇ ಎಳೆಯುತ್ತೀರಿ.

ದೀಪಕ್ಕೆ ಗೊತ್ತಾಗದ ಗಾಳಿಯೂ ಇದೆ. ಕಾರ್ಬನ್ ಮೊನಾಕ್ಸೈಡ್ ಇದ್ದರೆ ದೀಪ ಚೆನ್ನಾಗಿಯೇ ಉರಿಯುತ್ತದೆ, ಮನುಷ್ಯ ಬೀಳುತ್ತಾನೆ. ಹಾಗಾಗಿ ಬಾವಿಯೊಳಗೆ ಡೀಸೆಲ್ ಪಂಪು ಇಳಿಸಿ ಓಡಿಸಿದ್ದರೆ ದೀಪದ ಮಾತು ನಂಬಬೇಡಿ, ಗಾಳಿ ಅಳೆಯುವ ಮೀಟರು ಇರುವವರನ್ನು ಕರೆಯಿರಿ. ಗೋಬರ್ ಗ್ಯಾಸಿನ ಗುಂಡಿಯ ಹತ್ತಿರವಂತೂ ದೀಪ ತರಲೇಬಾರದು. ಅಲ್ಲಿರುವುದು ಮೀಥೇನ್, ಹೊರಗಿನ ಆಮ್ಲಜನಕ ಅದಕ್ಕೆ ಸೇರಿದ ಹೊತ್ತಿನಲ್ಲಿ ದೀಪ ಆರುವುದಿಲ್ಲ, ಗುಂಡಿಯೇ ಹಾರುತ್ತದೆ.